16 ಕೆ.ಜಿ. ಕೆಟಲ್‌ಬೆಲ್ ಕೊಳ್ಳುವಾಗ: ಬಣ್ಣ ಬಿಡಿ, ಹಿಡಿ ನೋಡಿ

ಮೇಲೆ ಹಿಡಿ ಇರುವ, ಬೀಸಿ ಎತ್ತುವ ವ್ಯಾಯಾಮದ ಗುಂಡಿಗೆ ಕೆಟಲ್‌ಬೆಲ್ ಎನ್ನುತ್ತಾರೆ. ಆನ್‌ಲೈನ್ ಅಂಗಡಿಯಲ್ಲಿ ಕೆಟಲ್‌ಬೆಲ್ ಎಂದು ಹುಡುಕಿದರೆ ಮೊದಲು ಎದುರಾಗುವುದು ಬಣ್ಣಬಣ್ಣದ ಪ್ಲಾಸ್ಟಿಕ್ ಗುಂಡುಗಳು. ಬೆಲೆ ಕಡಿಮೆ, ಸ್ಟಾರ್ ಜಾಸ್ತಿ. ಕೆಳಗಿನ ಮೆಚ್ಚುಗೆಯ ಮಾತುಗಳನ್ನು ಓದಿದರೆ ಅರ್ಧಕ್ಕರ್ಧ ಡಬ್ಬ ಬಿಚ್ಚಿದ ದಿನವೇ ಬರೆದಂತಿರುತ್ತವೆ. ಕೆಟಲ್‌ಬೆಲ್ ಯಾವ ಜಾತಿಯದು ಎಂದು ಗೊತ್ತಾಗುವುದು ಅಂದಲ್ಲ, ನೂರನೇ ಸ್ವಿಂಗಿಗೆ (ಗುಂಡನ್ನು ತೊಡೆಗಳ ನಡುವಿನಿಂದ ಮುಂದಕ್ಕೆ ಬೀಸುವುದು), ಅಂಗೈ ಬೆವರಿ ಬೆರಳು ಸೋತ ಮೇಲೆ. ಆಗ ನಿಮಗೂ ಅದಕ್ಕೂ ಇರುವ ಸಂಬಂಧ ಹಿಡಿಯೊಂದೇ. ಹಾಗಾಗಿ ಈ ವಿಮರ್ಶೆಯಲ್ಲಿ ಮುಕ್ಕಾಲು ಪಾಲು ಹಿಡಿಯ ಬಗ್ಗೆಯೇ ಮಾತು.

ಅಳತೆಗೋಲಾಗಿ 16 ಕೆ.ಜಿ.ಯನ್ನೇ ಇಟ್ಟುಕೊಂಡಿದ್ದೇವೆ. ಆರೋಗ್ಯವಾಗಿರುವ, ಹೊಸದಾಗಿ ಶುರುಮಾಡುವ ಗಂಡಸರಿಗೆ ಸಾಮಾನ್ಯವಾಗಿ ಹೇಳುವ ತೂಕ ಇದು. ಹೆಂಗಸರಿಗೆ ಸ್ವಿಂಗಿಗೆ 12, ತಲೆಮೇಲೆ ಎತ್ತುವ ವ್ಯಾಯಾಮಗಳಿಗೆ 8. ರಷ್ಯಾದಲ್ಲಿ ಈ ಗುಂಡಿನ ಹೆಸರು ಗಿರ್ಯಾ. ನಮ್ಮಲ್ಲಿ ಮಣ, ಸೇರು ಇದ್ದ ಹಾಗೆ ಅಲ್ಲಿ ಪೂದ್ ಎಂಬ ತೂಕವಿತ್ತು, 16.38 ಕೆ.ಜಿ. ಇಂದಿಗೂ 16, 24, 32 ಎಂದರೆ ಒಂದು, ಒಂದೂವರೆ, ಎರಡು ಪೂದ್.

ಮೊದಲು ಆ ಪ್ಲಾಸ್ಟಿಕ್ ಗುಂಡಿನ ವಿಚಾರ ಮುಗಿಸಿಬಿಡೋಣ. ಮೇಲೆ ವಿನೈಲ್ ಸಿಪ್ಪೆ, ಒಳಗೆ ಸಿಮೆಂಟ್ ಅಥವಾ ಮರಳು. ಸಿಮೆಂಟ್ ಕಬ್ಬಿಣಕ್ಕಿಂತ ಮೂರು ಪಟ್ಟು ಹಗುರ, ಅಂದರೆ ಅದೇ ತೂಕಕ್ಕೆ ಮೂರು ಪಟ್ಟು ಜಾಗ ಬೇಕು. 16 ಕೆ.ಜಿ. ಬೀಡುಕಬ್ಬಿಣವನ್ನು ಉಂಡೆ ಮಾಡಿದರೆ ಅಡ್ಡಳತೆ ಸುಮಾರು 16 ಸೆ.ಮೀ.; ಅಷ್ಟೇ ತೂಕದ ಸಿಮೆಂಟ್ ಉಂಡೆ ಹತ್ತಿರ ಹತ್ತಿರ 24 ಸೆ.ಮೀ. ಸ್ವಿಂಗ್ ಮಾಡುವಾಗ ಗುಂಡು ಎರಡು ತೊಡೆಗಳ ನಡುವೆ ಹಿಂದಕ್ಕೆ ಹೋಗಬೇಕು. 24 ಸೆ.ಮೀ. ಗುಂಡು ಸಲೀಸಾಗಿ ಹೋಗಬೇಕಾದರೆ ಕಾಲು ಅಗಲಿಸಬೇಕು, ಅಗಲಿಸಿದರೆ ಸೊಂಟ ಮಡಿಯುವ ಬದಲು ಮಂಡಿ ಮಡಿಯುತ್ತದೆ. ಹೊಸಬರು ತಪ್ಪು ಕಲಿಯಲು ಇದೇ ಸಾಕು. ನೆಲಕ್ಕೆ ಸ್ವಲ್ಪ ಜೋರಾಗಿ ಇಟ್ಟರೆ ಸಿಪ್ಪೆ ಬಿರಿಯುತ್ತದೆ, ಆಮೇಲೆ ದಿನಾ ಮೂಲೆಯಲ್ಲಿ ಬೂದು ಪುಡಿ ಗುಡಿಸುವ ಕೆಲಸ. 4 ಅಥವಾ 6 ಕೆ.ಜಿ.ಯದನ್ನು ಹಿರಿಯರು ಭುಜದ ಕಸರತ್ತಿಗೆ ಬಳಸಿದರೆ ತೊಂದರೆಯಿಲ್ಲ. 10ರ ಮೇಲೆ ಬೇಡ.

ಜಿಮ್‌ಗಳಲ್ಲಿ ಕಾಣುವ, ಹೊಳೆಯುವ ಕ್ರೋಮ್ ಹಿಡಿಯ, ಮೈಗೆ ರಬ್ಬರ್ ಹೊದಿಸಿದ ಬಗೆಗೂ ನಮ್ಮ ಮತವಿಲ್ಲ. ಅದರ ಗುಂಡು ಚೆನ್ನಾಗಿಯೇ ಇರುತ್ತದೆ, ಟೈಲ್ಸ್‌ಗೂ ಒಳ್ಳೆಯದು. ಆದರೆ ಕ್ರೋಮ್ ಮೇಲೆ ಬೆವರು ನಿಂತರೆ ಜಾರುತ್ತದೆ, ಕೈ ಜಾರದಂತೆ ಬಳಸುವ ಚಾಕ್ ಪುಡಿ ಹಚ್ಚಿದರೆ ಕೂರುವುದಿಲ್ಲ. ಗುಂಡನ್ನು ಎದೆಗೆ ಹಿಡಿದು ಕುಕ್ಕರಿಸಿ ಏಳುವ ಗಾಬ್ಲೆಟ್ ಸ್ಕ್ವಾಟ್, ಬಾಗಿ ನಿಂತು ಪಕ್ಕೆಗೆ ಎಳೆಯುವ ರೋ ಮಾಡುವವರಿಗೆ ಸರಿ. ಒಂದು ಕೈಯ ಸ್ವಿಂಗ್, ಒಂದೇ ಬೀಸಿಗೆ ತಲೆಮೇಲೆ ಎತ್ತುವ ಸ್ನ್ಯಾಚ್ ಮಾಡುವ ಆಸೆಯಿದ್ದರೆ ಎದುರಿಗಿರುವ ಟಿ.ವಿ.ಯನ್ನು ನೆನೆದುಕೊಳ್ಳಿ.

ಇನ್ನು ನಿಜವಾದ ಆಯ್ಕೆ. ಒಂದೇ ಎರಕದ ಬೀಡುಕಬ್ಬಿಣದ ಕೆಟಲ್‌ಬೆಲ್, ಮೇಲೆ ಪೌಡರ್ ಕೋಟಿಂಗ್ (ಪುಡಿಬಣ್ಣವನ್ನು ಕಾಯಿಸಿ ಅಂಟಿಸಿದ ಹೊದಿಕೆ). ಮನೆಗೆ ಒಂದೇ ಒಂದು ತರುವುದಾದರೆ ಇದನ್ನೇ ತನ್ನಿ ಎನ್ನುತ್ತೇವೆ. ಆದರೆ ಇದರಲ್ಲೇ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅಜಗಜಾಂತರ. ಫೋಟೋದಲ್ಲಿ ಎರಡೂ ಕಪ್ಪಗೆ ಒಂದೇ ಥರ ಕಾಣುತ್ತವೆ.

ಹಿಡಿ ಮತ್ತು ಗುಂಡು ಸೇರುವ ಜಾಗ ನೋಡಿ. ಒಂದೇ ಎರಕವಾದರೆ ಅಲ್ಲಿ ಇಳಿಜಾರು ಸುತ್ತುವರಿದು ನಯವಾಗಿ ಬೆರೆತಿರುತ್ತದೆ. ಬೆಸುಗೆ ಹಾಕಿದ್ದಾದರೆ ಬಳೆಯಂತೆ ಒಂದು ಉಬ್ಬು ಅಥವಾ ಪುಟ್ಟಿ ತುಂಬಿ ಬಣ್ಣ ಬಳಿದ ಗುರುತು ಇರುತ್ತದೆ. ಬೀಡುಕಬ್ಬಿಣಕ್ಕೆ ಬೆಸುಗೆ ಸರಿಯಾಗಿ ಕೂರಿಸುವುದು ಕಷ್ಟ, ತಣ್ಣಗಾಗುವಾಗ ಪಕ್ಕದಲ್ಲೇ ಸೀಳುವುದುಂಟು. ದಿನಕ್ಕೆ ನೂರು ಸಲ ಬೀಸುವ ವಸ್ತುವಿನಲ್ಲಿ ಅಂಥ ಜೋಡಣೆ ಬೇಡ.

ಆಮೇಲೆ ಹಿಡಿಯ ಒಳಮೈ. ಎರಕದ ಅಚ್ಚಿನ ಎರಡು ಭಾಗ ಕೂಡುವಲ್ಲಿ ಲೋಹ ಇಣುಕಿ ಸಣ್ಣ ಅಂಚುಗೆರೆ ಉಳಿಯುತ್ತದೆ. ಒಳ್ಳೆಯ ತಯಾರಕರು ಅದನ್ನು ಉಜ್ಜಿ ತೆಗೆದು ಬಣ್ಣ ಹಾಕುತ್ತಾರೆ, ಅಗ್ಗದವರು ಗೆರೆಯ ಮೇಲೇ ಬಣ್ಣ ಬಳಿಯುತ್ತಾರೆ. ಬೆರಳಾಡಿಸಿದರೆ ಸಾಲದು, ಬಣ್ಣದ ಕೆಳಗಿನ ಸಿಬಿರು ಬೆರಳಿಗೆ ಸಿಗುವುದಿಲ್ಲ. ಒಂದು ಚಿಟಿಕೆ ಹತ್ತಿ ತೆಗೆದುಕೊಂಡು ಹಿಡಿಯ ಸುತ್ತ, ಮುಖ್ಯವಾಗಿ ಬಾಗಿದ ಎರಡು ಮೂಲೆಗಳ ಒಳಗಡೆ ಸವರಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ನಾಳೆ ನಿಮ್ಮ ಚರ್ಮವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದೆರಡು ಕಡೆ ಮಾತ್ರ ಇದ್ದರೆ ಹಾರ್ಡ್‌ವೇರ್ ಅಂಗಡಿಯಿಂದ 80 ಮತ್ತು 120 ನಂಬರಿನ ಎಮರಿ ಪೇಪರ್ ತಂದು, ಮೊದಲು 80ರಲ್ಲಿ, ಆಮೇಲೆ 120ರಲ್ಲಿ, ಹಿಡಿಯ ಉದ್ದಕ್ಕಲ್ಲ, ಸುತ್ತಲೂ ಉಜ್ಜಿ. ಹತ್ತು ನಿಮಿಷದ ಕೆಲಸ. ಉದ್ದಕ್ಕೂ ಗೆರೆಯಿದ್ದರೆ ವಾಪಸ್ ಕಳಿಸಿ.

ದಪ್ಪ 33ರಿಂದ 35 ಮಿ.ಮೀ. ಇದ್ದರೆ ಹೆಚ್ಚಿನವರ ಕೈಗೆ ಹೊಂದುತ್ತದೆ. 38 ಮಿ.ಮೀ. ಆದರೆ ಬೆನ್ನು, ಸೊಂಟಕ್ಕೆ ಆಯಾಸವಾಗುವ ಮೊದಲೇ ಬೆರಳು ಕೈಕೊಡುತ್ತವೆ. ಅಂಗಡಿಯವರು ಅಳತೆ ಬರೆದಿರದಿದ್ದರೆ ಕೇಳಿ ತಿಳಿದುಕೊಳ್ಳಿ. ಮನೆಗೆ ಬಂದ ಮೇಲೆ ಹಿಡಿಯ ಸುತ್ತ ದಾರ ಸುತ್ತಿ ಅಳೆದರೆ 35 ಮಿ.ಮೀ.ಗೆ ಸರಿಸುಮಾರು 11 ಸೆ.ಮೀ. ದಾರ ಬೇಕು. ಹಿಡಿಯ ಕೆಳಗಿನ ಕಿಂಡಿಯೂ ಅಷ್ಟೇ ಮುಖ್ಯ. ಹಿಡಿಗೂ ಗುಂಡಿಗೂ ನಡುವೆ 5 ಸೆ.ಮೀ.ಗಿಂತ ಕಡಿಮೆಯಿದ್ದರೆ, ಕ್ಲೀನ್ ಮಾಡಿ, ಅಂದರೆ ಕೆಳಗಿನಿಂದ ಭುಜದ ಹತ್ತಿರಕ್ಕೆ ಎತ್ತಿ, ನಿಲ್ಲಿಸಿದಾಗ ಕೈ ಪೂರ್ತಿ ಒಳಗೆ ಹೋಗುವುದಿಲ್ಲ. ಗುಂಡು ಮುಂಗೈಯ ಮಾಂಸದ ಮೇಲೆ ಕೂರುವ ಬದಲು ಮಣಿಕಟ್ಟಿನ ಮೂಳೆಯ ಮೇಲೆ ಕೂರುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. "ಕ್ಲೀನ್ ಮಾಡಿದರೆ ಕೈ ನೀಲಿಗಟ್ಟುತ್ತದೆ" ಎನ್ನುವ ದೂರಿನಲ್ಲಿ ಅರ್ಧ ಮಾಡುವ ರೀತಿಯ ತಪ್ಪು, ಇನ್ನರ್ಧ ಈ ಕಿಂಡಿಯದು.

ಹೊದಿಕೆಯಲ್ಲಿ ಪೌಡರ್ ಕೋಟಿಂಗೇ ಮೇಲು. ಸ್ವಲ್ಪ ತರಿತರಿ ಇರುತ್ತದೆ, ಚಾಕ್ ಹಿಡಿದುಕೊಳ್ಳುತ್ತದೆ. ಹೊಳೆಯುವ ಎನಾಮಲ್ ಬಣ್ಣ ಬೆವರಿಗೆ ಜಾರುವುದಲ್ಲದೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಎದ್ದ ಚಕ್ಕೆಯ ಅಂಚು ಬ್ಲೇಡಿನಂತೆ. ಡೆಕಾಥ್ಲಾನ್‌ನಲ್ಲಿ ಸಿಗುವ ಎರಕದ ಕೆಟಲ್‌ಬೆಲ್‌ನ ತಳಕ್ಕೆ ರಬ್ಬರ್ ಇರುತ್ತದೆ, ಫ್ಲ್ಯಾಟ್‌ನಲ್ಲಿ ಇರುವವರಿಗೆ ಅದೊಂದು ಅನುಕೂಲ. ಅಂಗಡಿಗೇ ಹೋಗಿ ಕೈಯಲ್ಲಿ ಹಿಡಿದು ನೋಡಬಹುದು ಎನ್ನುವುದು ಅದಕ್ಕಿಂತ ದೊಡ್ಡ ಅನುಕೂಲ. ಹತ್ತಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.

ಸ್ಪರ್ಧೆಯ ಕೆಟಲ್‌ಬೆಲ್ ಬೇರೆಯೇ ತರ್ಕದ್ದು. ಸೋವಿಯತ್ ಒಕ್ಕೂಟದಲ್ಲಿ 1985ರಲ್ಲಿ ಲಿಪೆತ್ಸ್ಕ್ ಊರಿನಲ್ಲಿ ಕೆಟಲ್‌ಬೆಲ್ ಎತ್ತುವ ಕ್ರೀಡೆಯ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಿತು. ಆ ಕ್ರೀಡೆಯಲ್ಲಿ ಹತ್ತು ನಿಮಿಷ ಗುಂಡನ್ನು ನೆಲಕ್ಕಿಡದೆ ಎಷ್ಟು ಸಲ ಎತ್ತಿದಿರಿ ಎನ್ನುವುದೇ ಲೆಕ್ಕ. ಹತ್ತು ನಿಮಿಷ ಒಂದೇ ಲಯದಲ್ಲಿ ಎತ್ತಬೇಕಾದರೆ ತೂಕ ಬದಲಾದರೂ ಆಕಾರ ಬದಲಾಗಬಾರದು. ಅದಕ್ಕೇ ಇಲ್ಲಿ 8 ಕೆ.ಜಿ.ಯದೂ 32 ಕೆ.ಜಿ.ಯದೂ ಒಂದೇ ಗಾತ್ರ, ಗುಂಡು 21 ಸೆ.ಮೀ. ಅಗಲ, ಒಟ್ಟು ಎತ್ತರ 28 ಸೆ.ಮೀ. ಉಕ್ಕಿನದು, ತೂಕ ಗುರುತಿಸಲು ಬಣ್ಣ. 16 ಹಳದಿ, 20 ನೇರಳೆ, 24 ಹಸಿರು, 28 ಕಿತ್ತಳೆ, 32 ಕೆಂಪು. ಕಡಿಮೆ ತೂಕದವು ಒಳಗೆ ಟೊಳ್ಳು.

ಸ್ನ್ಯಾಚ್, ಜರ್ಕ್ (ಕಾಲಿನ ಬಲವೂ ಸೇರಿಸಿ ಭುಜದಿಂದ ತಲೆಮೇಲೆ ಎತ್ತುವುದು) ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ದೊಡ್ಡ ಗುಂಡು ಮುಂಗೈಯ ಮೇಲೆ ಹರಡಿ ಕೂರುತ್ತದೆ, ಭಾರ ಒಂದೇ ಕಡೆ ಒತ್ತುವುದಿಲ್ಲ. ಆದರೆ ಹಿಡಿ ಒಂದು ಕೈಗೆ ಅಳೆದು ಮಾಡಿದ್ದು. ಎರಡೂ ಕೈ ಹಾಕಿ ಸ್ವಿಂಗ್ ಮಾಡಿದರೆ ಕಿರುಬೆರಳುಗಳು ಮೂಲೆಗೆ ಒತ್ತಿಕೊಂಡು ನೋಯುತ್ತವೆ. ಮನೆಯಲ್ಲಿ ಹೊಸಬರು ಮೊದಲ ಆರು ತಿಂಗಳು ಮಾಡುವುದು ಬಹುಪಾಲು ಎರಡು ಕೈಯ ಸ್ವಿಂಗೇ. ಬೆಲೆಯೂ ಎರಕದ್ದಕ್ಕಿಂತ ಜಾಸ್ತಿ. ಕೊಳ್ಳುವುದಾದರೆ ಕಿವಿಯ ಹತ್ತಿರ ಹಿಡಿದು ಜೋರಾಗಿ ಅಲುಗಾಡಿಸಿ. ತೂಕ ಸರಿಹೊಂದಿಸಲು ಕೆಲವರು ಒಳಗೆ ಸಣ್ಣ ಗುಂಡು, ಮರಳು ತುಂಬಿ ತಳಕ್ಕೆ ಬಿರಡೆ ಹಾಕಿರುತ್ತಾರೆ. ಗಿಲಕಿಯಂತೆ ಸದ್ದು ಬಂದರೆ ಅದು ದಿನೇದಿನೇ ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ.

ತೂಕ ಬದಲಿಸುವ ಬಗೆ ಜಾಗ ಕಡಿಮೆಯಿರುವವರನ್ನು ಸೆಳೆಯುತ್ತದೆ. ಇದರಲ್ಲಿ ಮೂರು ಥರ. ಡಂಬೆಲ್ ಪ್ಲೇಟ್ ಸಿಕ್ಕಿಸುವ ಬರೀ ಹಿಡಿ: ಪ್ಲೇಟಿನ ಅಂಚು ಮುಂಗೈಗೆ ಬಡಿಯುತ್ತದೆ, ಎರಡು ಕೈಯ ಸ್ವಿಂಗಿಗೆ ಮಾತ್ರ ಲಾಯಕ್ಕು. ತಿರುಗಿಸುವ ಡಯಲ್ ಇರುವುದು: ತೂಕ ಬದಲಿಸಲು ಐದು ಸೆಕೆಂಡ್, ಆದರೆ ಒಳಗಿನ ಪ್ಲಾಸ್ಟಿಕ್ ಕೊಂಡಿಗಳಿಗೆ ನೆಲಕ್ಕೆ ಬಡಿಯುವುದೆಂದರೆ ಆಗದು. ಸ್ಪರ್ಧೆಯ ಗಾತ್ರದ ಉಕ್ಕಿನ ಚಿಪ್ಪಿನೊಳಗೆ ಪ್ಲೇಟ್ ಜೋಡಿಸಿ ಬೋಲ್ಟ್ ಬಿಗಿಯುವ ಬಗೆ: ಮೂರರಲ್ಲಿ ಇದೇ ಗಟ್ಟಿ. 12ರಿಂದ 32 ಕೆ.ಜಿ.ವರೆಗೆ ಒಂದರಲ್ಲೇ ಮುಗಿಯುತ್ತದೆ. ತೊಂದರೆ ಎಂದರೆ ತೂಕ ಬದಲಿಸಲು ಸ್ಪ್ಯಾನರ್ ಹಿಡಿದು ಕೂರಬೇಕು. ಸ್ವಿಂಗಿಗೆ 24, ಪ್ರೆಸ್‌ಗೆ (ಭುಜದಿಂದ ತಲೆಮೇಲೆ ತಳ್ಳುವುದು) 16 ಎಂದು ಒಂದೇ ದಿನ ಎರಡು ತೂಕ ಬೇಕಾದವರಿಗೆ ಎರಡನೇ ದಿನಕ್ಕೇ ಬೇಸರ ಬರುತ್ತದೆ. ಪ್ರತಿ ಸಲ ಶುರುಮಾಡುವ ಮೊದಲು ಬೋಲ್ಟ್ ಮುಟ್ಟಿ ನೋಡುವುದು ಕಡ್ಡಾಯ.

ಕೊಂಡದ್ದು ಮನೆಗೆ ಬಂದ ಮೇಲೆ ತೂಗಿ. ಬಾತ್‌ರೂಮ್ ತಕ್ಕಡಿಯ ಮೇಲೆ ಬರಿಗೈಯಲ್ಲಿ ನಿಂತು ಒಮ್ಮೆ, ಕೆಟಲ್‌ಬೆಲ್ ಎತ್ತಿಕೊಂಡು ಒಮ್ಮೆ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. 16 ಎಂದು ಕೆತ್ತಿದ್ದು 15.9 ಬಂದರೆ ಅದು 35 ಪೌಂಡಿನ ಅಚ್ಚು, ಮೋಸವಲ್ಲ. 15 ಬಂದರೆ ಮಾತ್ರ ಜಗಳಕ್ಕೆ ಕಾರಣವಿದೆ.

ನೆಲದ ಬಗ್ಗೆ ಯಾರೂ ಹೇಳುವುದಿಲ್ಲ. ಗರಡಿಮನೆಯಲ್ಲಿ ಹದ ಮಾಡಿದ ಮಟ್ಟಿಯಿರುತ್ತದೆ, ಗದೆ ಬಿದ್ದರೂ ನುಂಗಿಕೊಳ್ಳುತ್ತದೆ. ಫ್ಲ್ಯಾಟ್‌ನ ವಿಟ್ರಿಫೈಡ್ ಟೈಲ್ಸ್ ಹಾಗಲ್ಲ. ಗುಂಡಿಡುವ ಜಾಗದ ಟೈಲನ್ನು ನಾಣ್ಯದಿಂದ ಕುಟ್ಟಿ ನೋಡಿ. ಟಕ್ ಎಂದರೆ ಕೆಳಗೆ ಗಾರೆ ತುಂಬಿದೆ. ಡಬ್ ಡಬ್ ಎಂದು ಟೊಳ್ಳು ಸದ್ದು ಬಂದರೆ ಆ ಟೈಲ್ ಒಂದು ಪೆಟ್ಟಿಗೆ ಸೀಳುತ್ತದೆ, ಜಾಗ ಬದಲಿಸಿ. 12ರಿಂದ 15 ಮಿ.ಮೀ. ದಪ್ಪದ ಗಟ್ಟಿ ರಬ್ಬರ್ ಮ್ಯಾಟ್, ಎರಡಡಿ ಚೌಕ, ಗುಂಡಿಡಲು ಮಾತ್ರ ಹಾಕಿ. ಮಕ್ಕಳ ಕೋಣೆಗೆ ಹಾಸುವ ಮೆತ್ತನೆಯ ಫೋಮ್ ಮ್ಯಾಟಿನ ಮೇಲೆ ನಿಂತು ಸ್ವಿಂಗ್ ಮಾಡಬೇಡಿ, ಹಿಮ್ಮಡಿ ಹೂತು ಪಾದ ಅಲುಗುತ್ತದೆ. ಬರಿಗಾಲಲ್ಲಿ ಅಥವಾ ಚಪ್ಪಟೆ ಅಡಿಯ ಬೂಟಿನಲ್ಲಿ ಗಟ್ಟಿ ನೆಲದ ಮೇಲೇ ನಿಲ್ಲಿ. ಎದುರಿಗೆ ಎರಡು ಮೀಟರ್ ಖಾಲಿಯಿರಲಿ. ತಲೆಮೇಲೆ ನೋಡಿ: ಫ್ಯಾನಿನ ರೆಕ್ಕೆ ಎಂಟಡಿಯಲ್ಲಿದ್ದರೆ ಆರಡಿ ಎತ್ತರದವರ ಮೇಲೆತ್ತಿದ ಮುಷ್ಟಿಗೂ ಅದಕ್ಕೂ ಒಂದು ಗೇಣೂ ಇರುವುದಿಲ್ಲ.

ಹಣ ವಾಪಸಿನ ಗಡುವು ಮುಗಿಯುವ ಮೊದಲೇ ಹೀಗೆ ಪರೀಕ್ಷಿಸಿ: ಎರಡು ಕೈಯ ಸ್ವಿಂಗ್ ಹತ್ತರಂತೆ ಹತ್ತು ಸುತ್ತು, ನಡುವೆ ಒಂದೊಂದು ನಿಮಿಷ ಬಿಡುವು. ಅಂಗೈಯಲ್ಲಿ ಬೊಕ್ಕೆ ಎದ್ದರೆ ಎಲ್ಲಿ ಎದ್ದಿತು ಎಂದು ನೋಡಿ. ಬೆರಳಿನ ಬುಡದಲ್ಲಾದರೆ ಹಿಡಿಯನ್ನು ಅಂಗೈಯ ನಡುವೆ ಹಿಡಿದಿದ್ದೀರಿ, ಕೆಳಗೆ ಬೆರಳಿನ ಕೊಕ್ಕೆಗೆ ಇಳಿಸಿಕೊಳ್ಳಿ. ಬೇರೆಲ್ಲೋ ಗೆರೆಯಂತೆ ಕೊಯ್ದಿದ್ದರೆ ಅದು ಹಿಡಿಯ ತಪ್ಪು. ತೋಳಿನಿಂದ ಎತ್ತುತ್ತಿದ್ದೀರಾ ಎಂಬ ಅನುಮಾನವಿದ್ದರೆ ಕೈಚೌಕವನ್ನು (ಸಣ್ಣ ಟವೆಲ್) ಹಿಡಿಯೊಳಗೆ ತೂರಿಸಿ ಎರಡೂ ತುದಿ ಹಿಡಿದು ಐದಾರು ಸ್ವಿಂಗ್ ಮಾಡಿ. ಚೌಕ ಮತ್ತು ಗುಂಡು ಒಂದೇ ಗೆರೆಯಲ್ಲಿ ಮುಂದಕ್ಕೆ ಹೋದರೆ ಸೊಂಟ ಕೆಲಸ ಮಾಡುತ್ತಿದೆ. ಗುಂಡು ಜೋತುಬಿದ್ದರೆ ತೋಳು.

ಎರಡನೆಯದು ಯಾವಾಗ? ಆ ನೂರು ಸ್ವಿಂಗ್ ಸಲೀಸಾದಾಗ. 16ರಿಂದ 24ಕ್ಕೆ ಹಾರುವುದೆಂದರೆ ಅರ್ಧದಷ್ಟು ಹೆಚ್ಚು ಭಾರ. ಸ್ವಿಂಗಿಗೆ ಸೊಂಟ ಅದನ್ನು ತಡೆದುಕೊಳ್ಳುತ್ತದೆ, ಪ್ರೆಸ್‌ಗೆ ಭುಜ ತಡೆದುಕೊಳ್ಳುವುದಿಲ್ಲ. ಪ್ರೆಸ್ ಇಷ್ಟವಾದರೆ 20 ತನ್ನಿ, ಸ್ವಿಂಗೇ ಮುಖ್ಯವಾದರೆ 24. 4, 6, 8 ಎಂದು ಸೆಟ್ ಮಾಡಿ ಮಾರುವುದನ್ನು ಕೊಂಡರೆ ಮೂರು ವಾರದಲ್ಲಿ ಅವು ಬಾಗಿಲು ಬಡಿಯದಂತೆ ಒತ್ತಿಡುವ ಕಲ್ಲುಗಳಾಗುತ್ತವೆ.

ಮಂಗಳೂರು, ಉಡುಪಿ ಕಡೆಯವರಿಗೆ ಒಂದು ಮಾತು. ಉಪ್ಪುಗಾಳಿ ಮತ್ತು ಮಳೆಗಾಲ ಸೇರಿದರೆ ಕೋಟಿಂಗ್ ಕಿತ್ತ ಜಾಗದಲ್ಲಿ ವಾರದೊಳಗೆ ತುಕ್ಕು ಕಾಣುತ್ತದೆ. ಬೆವರು ಒರೆಸದೆ ಇಟ್ಟರೆ ಬಯಲುಸೀಮೆಯಲ್ಲೂ ಅದೇ ಗತಿ. ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಪೂರ್ತಿ ಒರೆಸಿ ತೆಗೆದು ಎರಡು ಮೂರು ದಿನ ಗಾಳಿಗಿಡಿ. ಅಗಸೆ ಎಣ್ಣೆ ಒಣಗಿ ಪದರವಾಗುತ್ತದೆ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಹಿಡಿ ಜಾರುತ್ತಲೇ ಇರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ, ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಲ್ಲಿ ಬಿಡಿಸಿ ಹರವಿ, ಗರಿಗರಿಯಾಗಿ ಒಣಗಿದ ಮೇಲೆ ಎಸೆಯಿರಿ.