ಕೊಳೆರೋಗದ ಮದ್ದಿಗೆ ಕೊನೆಗಾರರೋ, ಯಂತ್ರವೋ, ದೋಟಿಯೋ?

ಕೊಪ್ಪ ತಾಲ್ಲೂಕಿನ ನಮ್ಮ ಅಡಿಕೆ ತೋಟದಲ್ಲಿ, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮದ್ದು ಹೊಡೆಯಲು ಈಗ ಮೂರು ದಾರಿಗಳಿವೆ: ಮರ ಹತ್ತುವ ಕೊನೆಗಾರರು, ಪೆಟ್ರೋಲ್ ಎಂಜಿನ್ನಿನ ಮರ ಹತ್ತುವ ಯಂತ್ರ, ಮತ್ತು ನೆಲದ ಮೇಲೆ ನಿಂತೇ ಕೊನೆಯನ್ನು, ಅಂದರೆ ಅಡಿಕೆಯ ಗೊನೆಯನ್ನು, ಮುಟ್ಟುವ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು). ಮೂರನ್ನೂ ನಮ್ಮ ತೋಟದಲ್ಲೇ ಪರೀಕ್ಷಿಸಿದ ಮೇಲೆ ದೋಟಿಯನ್ನು ಕೊಂಡೆ. ಸಣ್ಣ ಬೆಳೆಗಾರರಿಗೆ ಅದಕ್ಕಿಂತ ಉಪಕಾರಿಯಾದ ಸಾಧನ ಇತ್ತೀಚೆಗೆ ಬಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಮದ್ದಿನಲ್ಲಿ ಹೊಸದೇನೂ ಇಲ್ಲ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಅಧ್ಯಯನವನ್ನು ಪ್ರಕಟಿಸಿದ ಕಾಲದ ಬೋರ್ಡೋ ದ್ರಾವಣವನ್ನೇ, ಅಂದರೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರಿನ ಲೆಕ್ಕವನ್ನೇ, ನಾವು ಇಂದಿಗೂ ನಂಬಿದ್ದೇವೆ. ಹೊಸತನ ಬೇಕಾಗಿದ್ದದ್ದು ಅದನ್ನು ಮರದ ತುದಿಗೆ ತಲುಪಿಸುವ ಬಗೆಯಲ್ಲಿ. ಮುಂಗಾರು ಹಿಡಿಯುವ ಮೊದಲು ಒಮ್ಮೆ ಹೊಡೆದರೆ, 40–45 ದಿನಗಳ ನಂತರದ ಎರಡನೆಯ ಸರದಿ ಜಡಿಮಳೆಯ ನಡುವೆಯೇ ಬರುತ್ತದೆ. ರೋಗ ತಗಲುವ ಮೊದಲೇ ಕಾಯಿಯ ಮೇಲೆ ತಾಮ್ರದ ಪದರ ಕೂರಬೇಕಾದ್ದರಿಂದ, ಮಳೆ ನಿಂತು ಹೊಳವಾದ ಕೆಲವೇ ಗಂಟೆಗಳಲ್ಲಿ ಎಷ್ಟು ಮರ ಮುಗಿಯುತ್ತದೆ ಎಂಬುದರ ಮೇಲೆ ವರ್ಷದ ಫಸಲು ನಿಂತಿದೆ.

ಕೊನೆಗಾರರ ಕೈಚಳಕಕ್ಕೆ ಸಾಟಿಯಿಲ್ಲ. ಆದರೆ ಅಂಥವರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ, ಹೊಳವಾದ ದಿನ ಎಲ್ಲ ತೋಟಗಳಿಗೂ ಅವರೇ ಬೇಕು, ಮತ್ತು ಪಾಚಿಗಟ್ಟಿದ ಒದ್ದೆ ಮರಕ್ಕೆ ಒಬ್ಬರನ್ನು ಹತ್ತಿಸಿ ಕೆಳಗೆ ನಿಂತು ನೋಡುವುದು ನನ್ನಿಂದಾಗದು.

ಮರ ಹತ್ತುವ ಯಂತ್ರ ನಿಜಕ್ಕೂ ಜಾಣ್ಮೆಯ ಸಾಧನ, ಒದ್ದೆಯಿಲ್ಲದ ಮರದಲ್ಲಿ ಕೊಯ್ಲಿಗೆ ಒಳ್ಳೆಯದು. ನಮ್ಮ ಮಳೆಗಾಲಕ್ಕೆ ಅದು ಹೊಂದುವುದಿಲ್ಲ. ಪ್ರತಿ ಮರಕ್ಕೂ ಕಳಚಿ, ಬಸಿಗಾಲುವೆ ದಾಟಿಸಿ, ಮತ್ತೆ ಜೋಡಿಸುವಷ್ಟರಲ್ಲಿ ಹೊಳವು ಮುಗಿದಿರುತ್ತದೆ. ದೋಟಿಯಾದರೆ ನಿಂತ ಜಾಗದಿಂದಲೇ ಸುತ್ತಲಿನ ನಾಲ್ಕೈದು ಮರಗಳ ಕೊನೆಗಳನ್ನು ತೋಯಿಸುತ್ತದೆ.

ದೋಟಿಯಲ್ಲಿ ಒಂದು ತೊಡಕಿದೆ, ಮಾರುವವರು ಅದನ್ನು ಹೇಳುವುದಿಲ್ಲ. ಒಂದರೊಳಗೊಂದು ಸೇರುವ ಕೊಳವೆಗಳನ್ನು ಎಳೆದು, ಗಂಟಿನಲ್ಲಿರುವ ಲಾಕ್ ಒತ್ತಿ ಬಿಗಿ ಮಾಡುವುದು ಅದರ ರಚನೆ. ಮೇಲಿನಿಂದ ತೊಟ್ಟಿಕ್ಕುವ ದ್ರಾವಣ ಕೊಳವೆಯುದ್ದಕ್ಕೂ ಇಳಿದು ಈ ಗಂಟುಗಳಲ್ಲಿ ನಿಲ್ಲುತ್ತದೆ. ಸಂಜೆ ಹಾಗೆಯೇ ಮಡಚಿಟ್ಟರೆ ಸುಣ್ಣ ಮತ್ತು ತಾಮ್ರ ಸೇರಿ ನೀಲಿ ಹೊಪ್ಪಳೆಯಾಗಿ ಗಟ್ಟಿಯಾಗುತ್ತವೆ; ಮರುದಿನ ಒಳಗಿನ ಕೊಳವೆ ಹೊರಗೆ ಬರುವುದಿಲ್ಲ, ಬಂದರೂ ಲಾಕ್ ಕಚ್ಚುವುದಿಲ್ಲ. ಲಾಕ್ ಕಚ್ಚದ ದೋಟಿಯನ್ನು ಎತ್ತಿ ನಿಲ್ಲಿಸಿದಾಗ ಮೇಲಿನ ಭಾಗ ಸರ್ರನೆ ಜಾರಿ ಕೆಳಗೆ ಬರುತ್ತದೆ, ಬೆರಳು ಸಿಕ್ಕಿದರೆ ಗಾಯ ಖಂಡಿತ.

ಕೊಳವೆಯನ್ನು ಬಿಡಿಸಲು ಸುತ್ತಿಗೆಯಿಂದ ತಟ್ಟಬಾರದು, ಕಾರ್ಬನ್ ಪದರ ಸೀಳುತ್ತದೆ. ತಾಮ್ರದ ಹಂಡೆ ಬೆಳಗುವ ಹುಣಸೆ ನೀರೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ, ಏಕೆಂದರೆ ಅದರ ಹುಳಿಗೆ ಸುಣ್ಣವೂ ತಾಮ್ರದ ಕಿಲುಬೂ ಕರಗುತ್ತವೆ. ಗಂಟಿಗೆ ಹುಣಸೆ ನೀರಿನ ಬಟ್ಟೆ ಸುತ್ತಿಟ್ಟು, ಸ್ವಲ್ಪ ಹೊತ್ತಿನ ನಂತರ ಮೆಲ್ಲನೆ ತಿರುಗಿಸುತ್ತ ಎಳೆಯಬೇಕು. ಇದಕ್ಕಿಂತಲೂ ಒಳ್ಳೆಯದೆಂದರೆ ಕೆಲಸ ಮುಗಿದ ಕೂಡಲೇ, ಮಡಚುವ ಮೊದಲು, ಪ್ರತಿಯೊಂದು ಕೊಳವೆಯನ್ನೂ ಶುದ್ಧ ನೀರಿನಿಂದ ತೊಳೆದು ಒರೆಸುವುದು. ಮನೆಯಲ್ಲಿ ಈ ಕೆಲಸವನ್ನು ಅತ್ತಿಗೆ ವಹಿಸಿಕೊಂಡ ಮೇಲೆ ಲಾಕ್ ಒಮ್ಮೆಯೂ ಕೈಕೊಟ್ಟಿಲ್ಲ.

ಕತ್ತು ನೋಯುತ್ತದೆ, ಸರದಿಯ ಮೇಲೆ ಇಬ್ಬರು ಹಿಡಿಯಬೇಕು. ಕಾರ್ಬನ್ ಫೈಬರ್ ಮೂಲಕ ವಿದ್ಯುತ್ ಹರಿಯುತ್ತದೆ. ಲೈನ್ ಹಾದುಹೋಗುವ ಸಾಲುಗಳ ಹತ್ತಿರಕ್ಕೂ ದೋಟಿಯನ್ನು ಒಯ್ಯಬಾರದು, ಒದ್ದೆಯಲ್ಲಂತೂ ಅದು ಪ್ರಾಣಕ್ಕೇ ಅಪಾಯ.

ಹಸಿ ಅಡಿಕೆಯ ಕೊಯ್ಲಿನಲ್ಲಿ ಮಾತ್ರ ಕೊನೆಗಾರರೇ ಮೇಲು, ಏಕೆಂದರೆ ಕಾಯಿ ಎಷ್ಟು ಬಲಿತಿದೆ ಎಂಬುದು ಕೆಳಗೆ ನಿಂತವರಿಗೆ ಸರಿಯಾಗಿ ತಿಳಿಯುವುದಿಲ್ಲ.

ಸಣ್ಣ ಹಿಡುವಳಿಯ ನಮಗೆ ದೋಟಿಯ ಬೆಲೆ ಹಗುರವಲ್ಲವಾದ್ದರಿಂದ ಪಕ್ಕದ ಮನೆಯವರೊಂದಿಗೆ ಪಾಲು ಹಾಕಿ ಕೊಂಡೆವು. ಮೊದಲ ಹೊಳವು ಒಬ್ಬರಿಗೆ, ಮುಂದಿನದು ಇನ್ನೊಬ್ಬರಿಗೆ ಎಂದು ಮೊದಲೇ ಮಾತಾಗಿದೆ. ದೊಡ್ಡ ತೋಟದವರು ಹೀಗೆ ಹಂಚಿಕೊಳ್ಳಲು ಹೋಗದೆ ಸ್ವಂತಕ್ಕೇ ಕೊಳ್ಳಲಿ. ದೋಟಿಗೆ ಎಟುಕದ ಹಳೆಯ ಮರಗಳಿರುವವರು ಕೊನೆಗಾರರನ್ನು ಮೊದಲ ಸರದಿಗೇ, ಮರ ಒಣಗಿರುವಾಗಲೇ, ಕರೆಸಿಕೊಳ್ಳಲಿ.