ಇಪ್ಪತ್ತೈದು ಜನಕ್ಕೆ ಬೆಳಗ್ಗೆ ಮೊಟ್ಟೆ: ಆಮ್ಲೆಟ್ಟಾ, ಬುರ್ಜಿನಾ, ಕಡುಬಿನ ಪಾತ್ರೆನಾ?

ಮೊದಲೇ ಹೇಳ್ಬಿಡ್ತೀನಿ, ಎಂಟು ಹತ್ತು ಜನ ಆದ್ರೆ ಆಮ್ಲೆಟ್ ಹಾಕಿ, ಅದಕ್ಕಿಂತ ಜಾಸ್ತಿ ಅಂದ್ರೆ ಕಾವಲಿ ಹತ್ರನೇ ಹೋಗ್ಬೇಡಿ. ನಮ್ಮನೆ ಇರೋದು ಚಿಕ್ಕಮಗಳೂರಿಂದ ಮೂಡಿಗೆರೆ ಕಡೆ ಹೋಗೋ ರೋಡಲ್ಲಿ, ಮಳೆ ಸ್ವಲ್ಪ ಕಮ್ಮಿ ಆಯ್ತು ಅಂದ್ರೆ ಹಾಸನದ ನೆಂಟರು, ಬೆಂಗಳೂರಿನ ನೆಂಟರು, ಅವರ ಫ್ರೆಂಡ್ಸು ಎಲ್ಲಾ ಶುರು, ಇಪ್ಪತ್ತು ಇಪ್ಪತ್ತೈದು ಜನ ಮಾಮೂಲಿ. ಎಲ್ಲರಿಗೂ ಬೆಳಗ್ಗೆ ಬೇಗ ತಿಂದು ಮುಳ್ಳಯ್ಯನಗಿರಿಗೆ ಹೊರಡ್ಬೇಕು, ಲೇಟಾದ್ರೆ ಸೀತಾಳಯ್ಯನಗಿರಿ ಹತ್ರ ಗಾಡಿ ನಿಲ್ಸೋಕೆ ಜಾಗ ಇರಲ್ಲ. ಹಂಗಾಗಿ ಮೊಟ್ಟೆ ಎಲ್ಲಾ ಥರದಲ್ಲೂ ಮಾಡಿ ನೋಡಿದೀನಿ.

ಆಮ್ಲೆಟ್ ರುಚಿ ಬಗ್ಗೆ ಮಾತೇ ಇಲ್ಲ. ಮನೆ ಕಾಳುಮೆಣಸು ಆಗಷ್ಟೇ ಕುಟ್ಟಿ ಹಾಕಿ, ಅಂಚು ಗರಿಗರಿ ಆಗೋ ಥರ ತೆಗೆದ್ರೆ ಬೇರೆ ಯಾವ್ದೂ ಅದರ ಮುಂದೆ ನಿಲ್ಲಲ್ಲ. ಆದ್ರೆ ಲೆಕ್ಕ ಹಾಕಿ ನೋಡಿ, ಒಂದು ಡಬಲ್ ಆಮ್ಲೆಟ್‌ಗೆ ಮೂರು ನಿಮಿಷ ಅಂದ್ರೂ ಇಪ್ಪತ್ತೈದು ಜನಕ್ಕೆ ಒಂದೂಕಾಲು ಗಂಟೆ, ಮೊದಲು ಕೂತೋರು ಕೈ ತೊಳ್ಕೊಂಡು ಕಾಫಿನೂ ಕುಡಿದು ಆಗಿರತ್ತೆ, ಕೊನೆಯವರು ಇನ್ನೂ ತಟ್ಟೆ ಹಿಡ್ಕೊಂಡು ಬಾಗಿಲಲ್ಲೇ. ಜೊತೆಗೆ "ಅಕ್ಕ ನಂಗೆ ಈರುಳ್ಳಿ ಬೇಡ", "ಅತ್ತೆ ನಂದು ಖಾರ ಕಮ್ಮಿ" ಅಂತ ಬೇರೆ. ಒಟ್ಟಿಗೆ ಒಡೆದು ಕಲಸಿ ಇಟ್ಕೊಳ್ಳೋಣ ಅಂದ್ರೆ ಅದಕ್ಕೂ ಒಂದು ತೊಂದರೆ ಇದೆ, ಉಪ್ಪು ಬಿದ್ದ ಈರುಳ್ಳಿ ನೀರು ಬಿಟ್ಕೊಂಡು ಪಾತ್ರೆ ತಳಕ್ಕೆ ಕೂರತ್ತೆ, ಸೌಟು ಹಾಕಿದಾಗ ಮೊದಲ ನಾಲ್ಕು ಆಮ್ಲೆಟ್ ಬರೀ ಮೊಟ್ಟೆ, ಕೊನೆ ನಾಲ್ಕು ಬರೀ ಈರುಳ್ಳಿ, ಮಗುಚೋಕೆ ಹೋದ್ರೆ ಹರಿದೇ ಹೋಗತ್ತೆ. ಈರುಳ್ಳಿ ಬೇರೆ ಇಟ್ಕೊಂಡು ಕಾವಲಿ ಮೇಲೆ ಉದುರಿಸಿದ್ರೆ ಅದು ಸರಿ ಹೋಗತ್ತೆ, ಟೈಮ್ ಮಾತ್ರ ಅಷ್ಟೇ ಹಿಡಿಯತ್ತೆ.

ಬುರ್ಜಿ ಇದಕ್ಕೆ ಪೂರ್ತಿ ಉಲ್ಟಾ. ಐವತ್ತು ಮೊಟ್ಟೆ ಅಂದ್ರೂ ಎರಡೂವರೆ ಕೆಜಿ ಚಿಲ್ಲರೆ, ದೊಡ್ಡ ಬಾಣಲೆ ಇದ್ರೆ ಒಂದೇ ಸಲಕ್ಕೆ ಆಗೋಯ್ತು, ನಿಜವಾದ ಕೆಲಸ ಈರುಳ್ಳಿ ಹೆಚ್ಚೋದು ಅಷ್ಟೇ. ಅಕ್ಕಿ ರೊಟ್ಟಿ ಜೊತೆಗಂತೂ ಬುರ್ಜಿನೇ ಸರಿ, ನಮ್ಮ ಓರಗಿತ್ತಿ ಇವತ್ತಿಗೂ ಬೇರೆ ಯಾವ್ದನ್ನೂ ಒಪ್ಪಲ್ಲ. ಆದ್ರೆ ಬುರ್ಜಿ ಕಾಯಲ್ಲ ಕಣ್ರೀ. ಒಲೆ ಆಫ್ ಮಾಡಿದ್ಮೇಲೂ ಬಾಣಲೆ ಬಿಸಿಗೇ ಬೇಯ್ತಾ ಇರತ್ತೆ, ಇನ್ನೂ ಸ್ವಲ್ಪ ಹಸಿಹಸಿ ಇದೆ ಅನ್ನೋವಾಗ್ಲೇ ಬೇರೆ ಪಾತ್ರೆಗೆ ಸುರಿದ್ರೆ ಮೆತ್ತಗಿರತ್ತೆ, ಇಲ್ಲಾಂದ್ರೆ ರಬ್ಬರ್ ಚೂರು. ಹಾಟ್ ಬಾಕ್ಸಲ್ಲಿ ಮುಚ್ಚಿಟ್ರೆ ಅರ್ಧ ಗಂಟೆಗೆ ಕೆಳಗೆ ನೀರು, ಆಮೇಲೆ ಬಣ್ಣನೂ ಬೂದಿ ಹಸಿರಿಗೆ ತಿರುಗತ್ತೆ, ಅದು ಕೆಟ್ಟಿದ್ದಲ್ಲ, ಬಿಳಿ ಭಾಗದಲ್ಲಿರೋ ಗಂಧಕ ಹಳದಿ ಭಾಗದ ಕಬ್ಬಿಣದ ಜೊತೆ ಸೇರಿ ಹಂಗಾಗೋದು. ಟೊಮೇಟೊನೋ ಸ್ವಲ್ಪ ನಿಂಬೆ ರಸನೋ ಬಿದ್ರೆ ಹುಳಿಗೆ ಹಸಿರಾಗೋದು ಕಮ್ಮಿ ಆಗತ್ತೆ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರೋ ಮನೆ ಆದ್ರೆ ಬುರ್ಜಿಗೆ ನನ್ನ ಓಟು, ನಮ್ಮಲ್ಲಿ ಒಬ್ಬ ಆರಕ್ಕೆ ಎದ್ರೆ ಇನ್ನೊಬ್ಬ ಒಂಬತ್ತಕ್ಕೆ ಹಾಸಿಗೆಯಿಂದ ಕೂಗ್ತಾನೆ.

ಇಡ್ಲಿ ತಟ್ಟೆಗೆ ಎಣ್ಣೆ ಸವರಿ ಒಂದೊಂದು ಗುಳಿಗೆ ಒಂದೊಂದು ಮೊಟ್ಟೆ ಒಡೆದು ಹಬೆಯಲ್ಲಿ ಬೇಯಿಸೋದೂ ಮಾಡಿದೀವಿ. ಮಕ್ಕಳಿಗೆ ಇಷ್ಟ, ನೋಡೋಕೂ ಚೆಂದ, ಸಿಪ್ಪೆ ಸುಲಿಯೋ ಕೆಲಸ ಇಲ್ಲ. ಮುಚ್ಚಳದ ನೀರು ಮೇಲೆ ತೊಟ್ಟಿಕ್ಕದ ಹಾಗೆ ಬಟ್ಟೆ ಕಟ್ಬೇಕು. ಆದ್ರೆ ಆಮೇಲೆ ಆ ತಟ್ಟೆ ತೊಳೆಯೋರು ಯಾರು? ಅದೂ ಅಲ್ದೆ ನೆಂಟರಲ್ಲಿ ಸೋಮವಾರ ತಿನ್ನದೋರು, ಶನಿವಾರ ತಿನ್ನದೋರು, ಶ್ರಾವಣ ಹಿಡಿದೋರು ಇರ್ತಾರೆ, ಮೊಟ್ಟೆ ಬೆಂದ ತಟ್ಟೆಯಲ್ಲಿ ಇಡ್ಲಿ ಹಾಕಿದ್ದು ಗೊತ್ತಾದ್ರೆ ಮುಗೀತು.

ಉಳಿದಿದ್ದು ಸಿಪ್ಪೆ ಸಮೇತ ಬೇಯಿಸೋದು, ಅದರಲ್ಲೇ ಎರಡು ದಾರಿ. ಒಂದು ಟ್ರೇ, ಅಂದ್ರೆ 30 ಮೊಟ್ಟೆ, ನೀರಲ್ಲಿ ಮುಳುಗಿಸಿ ಇಟ್ರೆ ಅಷ್ಟು ನೀರು ಕುದಿಯೋಕೇ ಕಾಲು ಗಂಟೆ ಮೇಲೆ ಗ್ಯಾಸ್ ಖರ್ಚು, ಕುದಿಯೋವಾಗ ಒಂದಕ್ಕೊಂದು ಬಡಿದು ಒಡೆಯತ್ತೆ, ತಣ್ಣೀರಿಂದ ಶುರು ಮಾಡಿದ್ರೆ ಸಿಪ್ಪೆಗೆ ಅಂಟ್ಕೊಳ್ಳೋದೂ ಜಾಸ್ತಿ. ಅದೇ ಕಡುಬು ಬೇಯಿಸೋ ಪಾತ್ರೆಯಲ್ಲಿ ಎರಡು ಇಂಚು ನೀರು ಹಾಕಿ, ಚೆನ್ನಾಗಿ ಹಬೆ ಬಂದ್ಮೇಲೆ ತೂತಿನ ತಟ್ಟೆ ಮೇಲೆ ಮೊಟ್ಟೆ ಜೋಡಿಸಿ ಮುಚ್ಚಿದ್ರೆ ಅಲ್ಲಾಡಲ್ಲ, ಒಡೆಯೋದು ಅಪರೂಪ, ಬಿಸಿ ಒಮ್ಮೆಲೇ ತಾಗೋದ್ರಿಂದ ಸಿಪ್ಪೆನೂ ಸಲೀಸಾಗಿ ಬಿಡತ್ತೆ. ತುಂಬಿದ ಪಾತ್ರೆಗೆ ನಾನು ಹದಿನೈದು ನಿಮಿಷ ಕೊಡ್ತೀನಿ. ಯೂಟ್ಯೂಬಲ್ಲಿ ಹನ್ನೆರಡು ಅಂತಾರೆ, ನಮ್ಮೂರು ಸಮುದ್ರ ಮಟ್ಟಕ್ಕಿಂತ ಸಾವಿರ ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿ ಆಸುಪಾಸಲ್ಲೇ ಕುದಿಯತ್ತೆ, ಹಾಗಾಗಿ ಒಂದೆರಡು ನಿಮಿಷ ಜಾಸ್ತಿನೇ ಬೇಕು. ಹಾಫ್ ಬಾಯ್ಲ್ ಕೇಳೋರದ್ದು ಮೇಲೆ ಇಟ್ಟು ಏಳನೇ ನಿಮಿಷಕ್ಕೆ ಎತ್ಕೊಳ್ಳಿ. ಆಮೇಲೆ ಸೀದಾ ತಣ್ಣೀರಿಗೆ, ಡಿಸೆಂಬರಲ್ಲಂತೂ ನಮ್ಮ ನಲ್ಲಿ ನೀರೇ ಸಾಕು, ಐಸ್ ಬೇಡ.

ಸುಲಿಯೋ ಕೆಲಸ ಇದ್ದೇ ಇದೆ, ಅದಕ್ಕೆ ಮೊಬೈಲ್ ಹಿಡ್ಕೊಂಡು ಕೂತಿರೋ ಹುಡುಗರನ್ನ ಕರೀರಿ. ಒಂದು ಗುಟ್ಟು, ಈ ಕೆಲಸಕ್ಕೆ ಟ್ರೇನ ಒಂದು ವಾರ ಮುಂಚೆನೇ ತಂದಿಡಿ. ತಾಜಾ ಮೊಟ್ಟೆ ಒಳಗಿನ ಇಂಗಾಲದ ಡೈ ಆಕ್ಸೈಡ್ ದಿನ ಕಳೆದಂಗೆ ಸಿಪ್ಪೆಯ ಸಣ್ಣ ತೂತುಗಳಿಂದ ಹೊರಗೆ ಹೋಗತ್ತೆ, ಹೋದ್ಮೇಲೆ ಬಿಳಿ ಭಾಗ ಒಳಪೊರೆಗೆ ಅಷ್ಟು ಅಂಟಲ್ಲ. ಮನೆ ಕೋಳಿದು ನಿನ್ನೆ ಇಟ್ಟ ನಾಟಿ ಮೊಟ್ಟೆ ಬೇಯಿಸಿದ್ರೆ ಬಿಳಿ ಅರ್ಧ ಸಿಪ್ಪೆ ಜೊತೆನೇ ಎದ್ದು ಬರತ್ತೆ, ಅದನ್ನ ಆಮ್ಲೆಟ್‌ಗೇ ಇಟ್ಕೊಳ್ಳಿ.

ಇನ್ನೊಂದು ಲಾಭ, ತಡವಾಗಿ ಎದ್ದೋನಿಗೂ ಸಿಪ್ಪೆಯೊಳಗೆ ಚೆನ್ನಾಗೇ ಇರತ್ತೆ. ಮಿಕ್ಕಿದ್ದನ್ನ ಸುಲಿಯದೆ ಹಂಗೇ ಫ್ರಿಜ್ಜಿಗೆ ಹಾಕಿ, ಎರಡು ಗಂಟೆ ಮೇಲೆ ಹೊರಗಡೆ ಬಿಡ್ಬೇಡಿ. ಬೆಟ್ಟದಿಂದ ಹಸ್ಕೊಂಡು ವಾಪಸ್ ಬಂದೋರಿಗೆ ಮಧ್ಯಾಹ್ನ ಅದನ್ನೇ ಎರಡು ಹೋಳು ಮಾಡಿ, ಕರಿಬೇವು ಮೆಣಸಿನ ಪುಡಿ ಹಾಕಿ ಹುರಿದು ಕೊಟ್ರೆ ಅನ್ನ ಸಾರಿನ ಜೊತೆ ತಟ್ಟೆ ಖಾಲಿ, ಮಿಕ್ಕಿದ ಬುರ್ಜಿ ಆದ್ರೆ ಕಸಕ್ಕೇ.