ಅರ್ಧ ಬೆಲೆಯ ಕ್ರ್ಯಾಬ್ ಆಪಲ್‌ನಿಂದ ಬೋನ್ಸಾಯ್: ಬುಡ ಕಡಿಯುವುದೋ, ಗೂಟಿ ಕಟ್ಟುವುದೋ, ನಿಧಾನಕ್ಕೆ ಸವರುವುದೋ?

ಅಕ್ಟೋಬರ್ ಕಳೆಯುತ್ತಿದ್ದಂತೆ ಇಂಗ್ಲೆಂಡಿನ ನರ್ಸರಿಗಳಲ್ಲಿ ಮಾರಾಟವಾಗದೆ ಉಳಿದ ಕ್ರ್ಯಾಬ್ ಆಪಲ್ (ಪುಟ್ಟ ಹಣ್ಣಿನ ಸೇಬಿನ ಜಾತಿ) ಗಿಡಗಳ ಬೆಲೆ ಅರ್ಧಕ್ಕಿಳಿಯುತ್ತದೆ. 12 ಲೀಟರ್ ಕುಂಡ, ಎರಡು ಮೀಟರ್ ಎತ್ತರ, ಬುಡದಲ್ಲಿ 3ರಿಂದ 4 ಸೆಂ.ಮೀ. ದಪ್ಪ. ಎಲೆ ಉದುರಿ ಬೋಳಾದ ಗಿಡವನ್ನು ಬೇರೆಯವರು ಮುಟ್ಟುವುದಿಲ್ಲ. ಬೋನ್ಸಾಯ್ ಮಾಡುವವರಿಗೆ ಅದೇ ಒಳ್ಳೆಯ ಹೊತ್ತು, ಏಕೆಂದರೆ ಕಾಂಡದ ಗುಣ ದೋಷಗಳೆಲ್ಲ ಆಗ ಬಯಲಾಗಿರುತ್ತವೆ. ಈ ಗಾತ್ರದ ಗಿಡಗಳ ಮೇಲೆ ಮೂರು ವಿಧಾನಗಳನ್ನೂ ಮಾಡಿ ನೋಡಿ ಬರೆದ ಹೋಲಿಕೆ ಇದು.

ಮೂರರಲ್ಲಿ ಯಾವುದು ಎಂಬುದನ್ನು ತೀರ್ಮಾನಿಸುವುದು ಕಸಿಯ ಗಂಟು. ಅಂಗಡಿಯ ಕ್ರ್ಯಾಬ್ ಆಪಲ್ ಬಹುಪಾಲು ಕಸಿ ಗಿಡವೇ: ಕೆಳಗೆ ಬೇರು ಕೊಡುವ ಒಂದು ಗಿಡ (ಬೇರುಗಿಡ), ಅದರ ಮೇಲೆ ಕೂಡಿಸಿದ ಇನ್ನೊಂದು. ಮಣ್ಣಿನಿಂದ 10–20 ಸೆಂ.ಮೀ. ಮೇಲೆ ಕಾಂಡ ಒಂದು ಪಕ್ಕಕ್ಕೆ ಸೊಟ್ಟಗೆ ತಿರುಗಿ ಮತ್ತೆ ನೆಟ್ಟಗಾಗುತ್ತದೆ. ಅಲ್ಲಿ ಬೆರಳಿಟ್ಟರೆ ಉಬ್ಬು ಸಿಗುತ್ತದೆ. ಮೇಲೊಂದು ಬಣ್ಣದ ತೊಗಟೆ, ಕೆಳಗಿನದು ಇನ್ನೊಂದು. ತೋಟದ ಮರದಲ್ಲಿ ಇದನ್ನು ಯಾರೂ ನೋಡುವುದಿಲ್ಲ. 30 ಸೆಂ.ಮೀ. ಎತ್ತರದ ಬೋನ್ಸಾಯ್‌ನಲ್ಲಿ ಮಾತ್ರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ, ಮತ್ತು ವರ್ಷಗಳು ಕಳೆದಂತೆ ಆ ಉಬ್ಬು ಕರಗುವುದಿಲ್ಲ, ಬೆಳೆಯುತ್ತದೆ. ಚೀಟಿಯಲ್ಲಿ ಬೇರುಗಿಡದ ಹೆಸರಿದ್ದರೆ ಅದನ್ನೂ ಓದಿ. ಎಂ9 ಆದರೆ ಬೇರುಗಳು ಪೆಡಸು, ಮಣ್ಣು ಬಿಡಿಸುವಾಗ ಪಟಪಟನೆ ಮುರಿಯುತ್ತವೆ. ಎಂಎಂ106 ಗಟ್ಟಿ.

ತಳಿಯ ವಿಷಯ ಚಿಕ್ಕದು, ಆದರೆ ಮರೆಯಬಾರದು. ಬೋನ್ಸಾಯ್‌ನಲ್ಲಿ ಎಲೆ ಸಣ್ಣದಾಗುತ್ತದೆ, ಹಣ್ಣು ಸಣ್ಣದಾಗುವುದಿಲ್ಲ. ‘ಜಾನ್ ಡೌನಿ’ಯ 3 ಸೆಂ.ಮೀ. ಹಣ್ಣು ಪುಟ್ಟ ಮರದಲ್ಲಿ ಕುಂಬಳಕಾಯಿ ನೇತಾಡಿದಂತೆ ಕಾಣುತ್ತದೆ. ಸಾರ್ಜೆಂಟ್ ಕ್ರ್ಯಾಬ್ ಆಪಲ್‌ನ ಹಣ್ಣು 1 ಸೆಂ.ಮೀ. ಆಸುಪಾಸು, ಅಳತೆಗೆ ಸರಿಹೊಂದುತ್ತದೆ.

ಮೊದಲು ಬುಡ ಕಡಿತ. ಮಾರ್ಚ್ ಆರಂಭದಲ್ಲಿ, ಮೊಗ್ಗು ಉಬ್ಬಿ ಇನ್ನೂ ಒಡೆಯದ ಹೊತ್ತಿನಲ್ಲಿ, ಒಣ ಹವೆಯ ದಿನ ನೋಡಿ ಕತ್ತರಿಸಬೇಕು. ಶರತ್ಕಾಲದ ಮಳೆಯಲ್ಲಿ ಕಡಿದರೆ ಗಾಯಕ್ಕೆ ಕ್ಯಾಂಕರ್ ಶಿಲೀಂಧ್ರ ಹತ್ತುತ್ತದೆ, ಆ ತೇವದ ನಾಡಿನಲ್ಲಿ ಇದು ಸೇಬಿನ ದೊಡ್ಡ ಶತ್ರು. ಕೊನೆಯ ಕಡಿತ ಕಸಿಗಂಟಿನಿಂದ 8 ಸೆಂ.ಮೀ. ಮೇಲೆ ಬೇಕೆನಿಸಿದರೆ ಇನ್ನೂ 3 ಸೆಂ.ಮೀ. ಬಿಟ್ಟು ಅಡ್ಡಕ್ಕೆ ಗರಗಸ ಹಾಕಿ, ಗಾಯಕ್ಕೆ ಮುಲಾಮು ಬಳಿಯಿರಿ. ಓರೆ ಕಡಿತ ಮುಂದಿನ ವರ್ಷ, ಹೊಸ ತುದಿ ಎಲ್ಲಿಂದ ಹೊರಡುತ್ತದೆ ಎಂದು ಗೊತ್ತಾದ ಮೇಲೆ. ಆ ವರ್ಷ ಬೇರಿಗೆ ಕೈ ಹಾಕಬೇಡಿ. ತುಂಬಿದ ಬೇರು ಇದ್ದರೇ ಮೋಟಿನಿಂದ ಚಿಗುರು ನುಗ್ಗುವುದು. ತಲೆ ಮತ್ತು ಬೇರು ಎರಡನ್ನೂ ಒಂದೇ ವಸಂತದಲ್ಲಿ ಕತ್ತರಿಸಿದ ಗಿಡ ಬದುಕಿದರೂ ಒಂದಿಡೀ ವರ್ಷ ಪೆಚ್ಚಾಗಿ ಕೂರುತ್ತದೆ.

ಜೂನ್ ಹೊತ್ತಿಗೆ ಕಡಿದ ಅಂಚಿನ ಸುತ್ತ ಐದಾರು ಚಿಗುರು ಬರುತ್ತವೆ. ಎಲ್ಲವನ್ನೂ ಹಾಗೇ ಬಿಟ್ಟರೆ ಅಲ್ಲೊಂದು ಗಡ್ಡೆಯಂಥ ಉಬ್ಬು, ಕೆಳಗೆ ಸಣ್ಣ ಮೇಲೆ ದಪ್ಪ ಆಗುವ ತಲೆಕೆಳಗಾದ ಕಾಂಡ. ಜುಲೈನಲ್ಲಿ ಎರಡನ್ನು ಉಳಿಸಿ ಉಳಿದವನ್ನು ತೆಗೆಯಿರಿ, ತುದಿಯಾಗಬೇಕಾದದ್ದನ್ನು ಮುಟ್ಟದೆ ಉದ್ದಕ್ಕೆ ಓಡಲು ಬಿಡಿ. ಕಸಿಗಂಟಿನ ಕೆಳಗಿನಿಂದ ಬರುವ ಚಿಗುರು ಬೇರುಗಿಡದ್ದು. ವಾರಕ್ಕೊಮ್ಮೆ ಹೆಬ್ಬೆರಳಿನಿಂದ ಉಜ್ಜಿ ತೆಗೆಯದಿದ್ದರೆ ಸಾರವೆಲ್ಲ ಅದರ ಪಾಲು. ಈ ವಿಧಾನದಲ್ಲಿ ಕಾಂಡಕ್ಕೆ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ ಎಂಬ ಒಳ್ಳೆಯ ಇಳಿಜಾರು ಬರುತ್ತದೆ, ಅದೇ ಇದರ ಗೆಲುವು. ಸೋಲು ಎರಡು: 3–4 ಸೆಂ.ಮೀ. ಗಾಯ ಕುಂಡದಲ್ಲಿ ಮುಚ್ಚಲು ವರ್ಷಗಟ್ಟಲೆ ಹಿಡಿಯುತ್ತದೆ, ಮತ್ತು ಕಸಿಗಂಟು ಎಲ್ಲಿತ್ತೋ ಅಲ್ಲೇ ಇರುತ್ತದೆ. ಹೂವೂ ಮೂರ್ನಾಲ್ಕು ವರ್ಷ ಮರೆತುಬಿಡಬೇಕು.

ಎರಡನೆಯದು ಗೂಟಿ, ಅಂದರೆ ಗಿಡದ ಮೇಲಿರುವಾಗಲೇ ಕಾಂಡಕ್ಕೆ ಬೇರು ಬರಿಸಿ ಆಮೇಲೆ ಕತ್ತರಿಸಿಕೊಳ್ಳುವುದು. ದಾಳಿಂಬೆ, ಸೀಬೆಗೆ ಗೂಟಿ ಕಟ್ಟಿದ ಕೈಗೆ ಇದರಲ್ಲಿ ಹೊಸದೇನಿಲ್ಲ, ಕಾಲ ಮಾತ್ರ ಬೇರೆ. ಮೇ ಕೊನೆಯಲ್ಲಿ, ಮೊದಲ ಎಲೆಗಳು ಬಲಿತು ಕಡುಹಸಿರಾದ ಮೇಲೆ, ಕಸಿಗಂಟಿನ ಮೇಲ್ಗಡೆ ಕಾಂಡಕ್ಕೆ ತಿರುವಿರುವ ಅಥವಾ ಕೊಂಬೆಗಳು ಹತ್ತಿರ ಇರುವ ಕಡೆಯ ಸ್ವಲ್ಪ ಕೆಳಗೆ ಜಾಗ ಆರಿಸಿ. ಅಲ್ಲಿ ಸುತ್ತಲೂ ಸುಲಿಯುವ ತೊಗಟೆಯ ಉಂಗುರದ ಅಗಲ ಕಾಂಡದ ದಪ್ಪದ ಒಂದೂವರೆ ಪಟ್ಟು: 3.5 ಸೆಂ.ಮೀ. ಕಾಂಡಕ್ಕೆ ಸುಮಾರು 5 ಸೆಂ.ಮೀ. ತೊಗಟೆ ಸುಲಿದ ಮೇಲೆ ಲೋಳೆಯಂಥ ಜಾರು ಪದರ ಉಳಿದಿರುತ್ತದೆ. ಮರ ಒಣಗಿದಂತೆ ಕಾಣುವವರೆಗೆ ಚಾಕುವಿನ ಬೆನ್ನಿನಿಂದ ಅದನ್ನು ಪೂರ್ತಿ ಕೆರೆದು ತೆಗೆಯಬೇಕು. ಗೂಟಿ ಸೋಲುವುದು ಹೆಚ್ಚಾಗಿ ಇಲ್ಲಿಯೇ, ನೂಲಿನಷ್ಟು ಪದರ ಉಳಿದರೂ ತೊಗಟೆ ಮತ್ತೆ ಸೇತುವೆ ಕಟ್ಟಿ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ಮೇಲಿನ ಅಂಚಿಗೆ ಬೇರು ಬರಿಸುವ ಪುಡಿ ಸವರಿ, ನೆನೆಸಿ ಹಿಂಡಿದ ಉದ್ದ ನಾರಿನ ಸ್ಫ್ಯಾಗ್ನಂ ಪಾಚಿಯನ್ನು ಎರಡು ಮುಷ್ಟಿಯಷ್ಟು ಬಿಗಿಯಾಗಿ ಸುತ್ತಿ, ಕಪ್ಪು ಪ್ಲಾಸ್ಟಿಕ್ ಕಟ್ಟಿ. ಪಾಚಿ ಒದ್ದೆಯಿರಬೇಕು, ನೀರು ತೊಟ್ಟಿಕ್ಕಬಾರದು.

ಆರು ವಾರಕ್ಕೆ ಬಿಚ್ಚಿ ನೋಡಿದರೆ ಮೇಲಿನ ಅಂಚಿನಲ್ಲಿ ಅರಳು ಹುರಿದಂಥ ಬಿಳಿ ಗಂಟುಗಳು. ಹೆದರಬೇಡಿ, ಬೇರು ಹೊರಡುವುದು ಅಲ್ಲಿಂದಲೇ. ಇನ್ನೊಂದು ತಿಂಗಳಿಗೆ ಬೆಳ್ಳನೆಯ ಬೇರು ಪ್ಲಾಸ್ಟಿಕ್‌ಗೆ ಮುಟ್ಟುತ್ತವೆ. ಆಗಲೇ ಕತ್ತರಿಸುವ ಆತುರ ಬೇಡ. ಬಿಳಿ ಬೇರು ಎಳನೀರಿನ ಗಂಜಿಯಷ್ಟು ಮೆದು, ಕೈ ತಾಗಿದರೆ ಮುರಿಯುತ್ತದೆ. ಕವಲೊಡೆದು ಕಂದು ಬಣ್ಣಕ್ಕೆ ತಿರುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಬೇರಿನ ಕೆಳಗೆ ಗರಗಸ ಹಾಕಿ. ಪಾಚಿ ಬಿಡಿಸದೆ ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) ಮತ್ತು ತೊಗಟೆ ಚೂರಿನ ಮಿಶ್ರಣದಲ್ಲಿ ಕೂರಿಸಿ, ತಲೆಯ ಮೂರನೇ ಒಂದು ಭಾಗ ಇಳಿಸಿ, ಕಾಂಡವನ್ನು ಕುಂಡಕ್ಕೆ ತಂತಿಯಿಂದ ಅಲ್ಲಾಡದಂತೆ ಕಟ್ಟಿ. ಮೊದಲ ಚಳಿಗಾಲ ಹಿಮ ತಾಗದ ಕಡೆ, ಆದರೆ ಬಿಸಿ ಇಲ್ಲದ ಕಡೆ ಇರಬೇಕು.

ಸಿಗುವುದೇನು? ಕಸಿಗಂಟು ಇಲ್ಲದ ಬುಡ, ಸುತ್ತಲೂ ಚಕ್ರದಂತೆ ಹರಡಿದ ಬೇರು, ಬಲಿತ ಮರವಾದ್ದರಿಂದ ಮುಂದಿನ ವಸಂತದಲ್ಲೇ ಹೂವು. (ಆ ಮೊದಲ ಹೂವನ್ನು ಚಿವುಟಿಬಿಡಿ, ಕಾಯಿ ಹೊರುವ ಶಕ್ತಿ ಇನ್ನೂ ಇರುವುದಿಲ್ಲ.) ಕಳೆದುಕೊಳ್ಳುವುದೂ ಒಂದಿದೆ. ಎಂಎಂ106ರಂಥ ಬೇರುಗಿಡಗಳನ್ನು ಉಣ್ಣೆ ಹೇನಿಗೆ (ರಸ ಹೀರುವ ಕೀಟ) ಬಗ್ಗದಂತೆ ತಯಾರಿಸಿದ್ದು, ಸ್ವಂತ ಬೇರಿಗೆ ಬಂದ ಗಿಡಕ್ಕೆ ಆ ರಕ್ಷಣೆ ಇಲ್ಲ. ಹತ್ತಿ ಅಂಟಿಸಿದಂತೆ ಬಿಳಿ ಮುದ್ದೆ ಗಾಯದ ಅಂಚಿನಲ್ಲಿ ಕಂಡರೆ ಗಟ್ಟಿ ಬ್ರಷ್ ಮತ್ತು ಸೋಪಿನ ನೀರಿನಿಂದ ಅಂದೇ ಉಜ್ಜಿ ತೆಗೆಯಿರಿ, ಬಿಟ್ಟರೆ ಕೊಂಬೆಯ ಮೇಲೆ ಗಂಟು ಏಳುತ್ತದೆ.

ನಿಧಾನಕ್ಕೆ ಸವರುವ ಮೂರನೆಯ ದಾರಿ, ಅಂದರೆ ಕಾಂಡ ಉಳಿಸಿಕೊಂಡು ಮೂರು ವರ್ಷ ಕೊಂಬೆ ಇಳಿಸುತ್ತಾ ಬೇರನ್ನು ಅರ್ಧರ್ಧ ಬಿಡಿಸುವುದು, ಗಿಡಕ್ಕೆ ಅತ್ಯಂತ ಹಗುರ. ಪ್ರತಿ ವರ್ಷ ಹೂವೂ ಸಿಗುತ್ತದೆ. ಆದರೆ ಕೊನೆಗೆ ಕೈಗೆ ಬರುವುದು ನೆಟ್ಟಗಿನ ಕೋಲು, ಗಂಟಿನ ಸಮೇತ. 80–90 ಸೆಂ.ಮೀ.ನ ದೊಡ್ಡ ಕುಂಡದ ಮರ ಸಾಕು ಎನ್ನುವವರಿಗೆ ಮಾತ್ರ ಇದು.

ನಮ್ಮ ಆಯ್ಕೆ ಗೂಟಿ. ಗಂಟು ಮಣ್ಣಿಗೆ ತಾಗಿದಷ್ಟು ಕೆಳಗಿದ್ದು ನಯವಾಗಿದ್ದರೆ ಮಾತ್ರ ನೇರವಾಗಿ ಬುಡ ಕಡಿತ. ಬೆಂಗಳೂರಿನ ಬಂಧುಗಳಿಗೆ ಇದನ್ನು ಕಳಿಸುವ ಯೋಚನೆಯಿದ್ದರೆ, ಅಲ್ಲಿನ ಚಳಿ ಈ ಗಿಡದ ನಿದ್ದೆಗೆ ಸಾಲದು. ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಅಲ್ಲಿ ಇದೇ ಕೈಚಳಕವನ್ನು ಹುಣಸೆ, ಬೋಗನ್‌ವಿಲ್ಲಾ ಮೇಲೆ ತೋರಿಸಬಹುದು.

ಗೂಟಿ ಕತ್ತರಿಸಿದ ಮೇಲೆ ಕುಂಡದಲ್ಲಿ ಉಳಿಯುವ ಮೋಟನ್ನು ಎಸೆಯಬೇಡಿ. ಕಸಿಗಂಟಿನ ಮೇಲೆ ಒಂದು ಗೇಣು ಕಾಂಡ ಉಳಿಯುವಂತೆ ಮೊದಲೇ ಲೆಕ್ಕ ಹಾಕಿದ್ದರೆ, ಬರುವ ಮಾರ್ಚ್‌ನಲ್ಲಿ ಅದರ ಮೇಲೆ ಬುಡ ಕಡಿತವನ್ನೂ ಮಾಡಬಹುದು.